ಕೊಟ್ಟಿಗೆಯಿಂದ ಲಾಗಿನ್

ಸಗಣಿ ಮೆತ್ತಿದ ಲ್ಯಾಪ್‌ಟಾಪನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಪೂರ್ತಿ ಒಣಗಲು ಬಿಟ್ಟು, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿಗಳ ಸಂದಿಯನ್ನು ಮೆಲ್ಲಗೆ ತಿಕ್ಕಬೇಕು. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಕೆಲಸವೇ ಕಲಿಸಿತು.

ನನ್ನ ತಂಗಿಯ ಮಗಳು ಈಗ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆಯ ಕೆಲಸಕ್ಕೆ ಸೇರಿದ್ದಾಳೆ. ಅವಳ ಮಾತಿನ ತುಂಬ ಕ್ಲೌಡು, ಫೈರ್‌ವಾಲು. ಹೋದ ವಾರ ಸಹಕಾರನಗರದ ನಮ್ಮ ಮನೆಗೆ ಬಂದವಳು, "ದೊಡ್ಡಮ್ಮ, ನೀವೂ ಇದೇ ಕೆಲಸ ಮಾಡ್ತಿದ್ರಂತೆ. ಏನ್ ಮಾಡ್ತಿದ್ರಿ ಹೇಳಿ" ಎಂದಳು. ಹೇಳತೊಡಗಿದೆ, ಮುಗಿಯಲಿಲ್ಲ. ಅದಕ್ಕೇ ಬರೆಯಲು ಕೂತೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿ ಇಲ್ಲ. ಒಂದೆರಡು ಬಿಟ್ಟರೆ ಅದು ನನಗೇ ಸರಿಯಾಗಿ ನೆನಪಿಲ್ಲ. ಜನ ಮಾತ್ರ ನೆನಪಿದ್ದಾರೆ.

ಹೆಬ್ಬಾಳದಲ್ಲಿ, ಪಶುವೈದ್ಯಕೀಯ ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಕಂಪನಿ ಇತ್ತು. ದನಗಳ ಲಸಿಕೆ, ಔಷಧ, ಮೇವಿಗೆ ಬೆರೆಸುವ ಖನಿಜ ಮಿಶ್ರಣ, ಇವು ನಮ್ಮ ಸರಕು. 2008ರಲ್ಲಿ, ದೇವನಹಳ್ಳಿ ಕಡೆ ಹೊಸ ವಿಮಾನ ನಿಲ್ದಾಣ ಶುರುವಾಗಿ ನಮ್ಮ ಫ್ಲೈಓವರ್ ಮೇಲೆ ಕಾರುಗಳು ಸಾಲುಗಟ್ಟಿದ ವರ್ಷ, ನಾನು ಅಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾದೆ. ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಅದರಲ್ಲಿ ನಾನು ಮತ್ತು ನಯಾಜ್. ನಯಾಜ್ ಆರ್.ಟಿ. ನಗರದವನು. ಮನೆಯಲ್ಲಿ ದಖ್ಖನಿ ಉರ್ದು, ಕಚೇರಿಯಲ್ಲಿ ನನಗಿಂತ ಸೊಗಸಾದ ಕನ್ನಡ. ಕೆಟ್ಟ ಯಂತ್ರವನ್ನು ಬಿಚ್ಚುವಾಗ ಅದರ ಜೊತೆ ಮಾತನಾಡುವ ಅಭ್ಯಾಸ ಅವನಿಗಿತ್ತು. "ಏನಾಯ್ತಪ್ಪಾ ನಿಂಗೆ, ಯಾರ್ ಬೈದ್ರು?" ಎಂದು ಅವನು ಕೇಳುತ್ತಿದ್ದರೆ ಹೊಸಬರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು.

ನಮ್ಮ ಕಂಪನಿಯ ಅರ್ಧಕ್ಕಿಂತ ಹೆಚ್ಚು ಜನ ಕಚೇರಿಯಲ್ಲಿ ಇರುತ್ತಲೇ ಇರಲಿಲ್ಲ. ಪಶುವೈದ್ಯರು, ಮಾರಾಟದವರು ಬೆಳಗಾದರೆ ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆ ಕೊಟ್ಟಿಗೆ ಕೊಟ್ಟಿಗೆ ಸುತ್ತುತ್ತಿದ್ದರು. ಪ್ರತಿಯೊಬ್ಬರಿಗೂ ಒಂದು ಲ್ಯಾಪ್‌ಟಾಪ್. ಅದರಲ್ಲಿ ರೈತರ ಹೆಸರು, ಫೋನ್ ನಂಬರ್, ಯಾವ ಹಸುವಿಗೆ ಯಾವಾಗ ಲಸಿಕೆ, ಯಾವಾಗ ಕರು ಎಂಬ ವಿವರ. ಶನಿವಾರ ಎಲ್ಲರೂ ಕಚೇರಿಗೆ ಬಂದು ನಮ್ಮ ಕೋಣೆಯ ಗೋಡೆಯಲ್ಲಿದ್ದ ಕೇಬಲ್ಲಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ವಾರದ ವಿವರಗಳನ್ನು ಸರ್ವರಿಗೆ ಇಳಿಸಿ, ಉಳಿದವರು ತಂದ ವಿವರಗಳನ್ನು ತಮ್ಮದಕ್ಕೆ ತುಂಬಿಕೊಳ್ಳಬೇಕಿತ್ತು. ಹೊರಗಿನಿಂದ ಸರ್ವರಿಗೆ ಬರುವ ದಾರಿ ಇರಲಿಲ್ಲ. ಶನಿವಾರ ನಮ್ಮ ಕೋಣೆಯಲ್ಲಿ ಹಿಂಡಿ, ಬೂಸಾ, ಬೆವರು, ಔಷಧ ಎಲ್ಲದರ ವಾಸನೆ. ನನಗೆ ಆ ವಾಸನೆ ಇವತ್ತಿಗೂ ಇಷ್ಟ.

ಅವರಲ್ಲಿ ಹಿರಿಯರು ಡಾಕ್ಟರ್ ತಿಮ್ಮೇಗೌಡರು. ಎತ್ತರದ ಆಳು, ಗಮ್‌ಬೂಟು, ದೊಡ್ಡ ದನಿ. ಅವರ ಲ್ಯಾಪ್‌ಟಾಪು ಇಂಜೆಕ್ಷನ್ ಸಿರಿಂಜು, ದನದ ಕಿವಿಗೆ ಹಾಕುವ ಗುರುತಿನ ಓಲೆ, ಅರ್ಧ ತಿಂದ ಬಿಸ್ಕತ್ತಿನ ಜೊತೆ ಒಂದೇ ಚೀಲದಲ್ಲಿ ಬರುತ್ತಿತ್ತು. ಒಮ್ಮೆ ಅದರ ಫ್ಯಾನಿನೊಳಗೆ ಹುಲ್ಲಿನ ಕಡ್ಡಿ ಸಿಕ್ಕಿತು.

"ಗೌಡ್ರೇ, ಇದನ್ನ ಮೇವು ತಿನ್ನಿಸಿ ಸಾಕ್ತಿದೀರಾ?" ಎಂದೆ.

"ಇನ್ನೇನ್ ಮಾಡ್ಲಿ ಗಿರಿಜಾ ಮೇಡಂ, ನೀವು ಹೊಸದು ಕೊಡಲ್ಲ. ಇದ್ದಿದ್ದನ್ನೇ ಮೇಯಿಸ್ಬೇಕು" ಎಂದರು.

ಹೊಸದು ಕೊಡಬೇಕೆಂದು ನಾನು ಮೇಲಿನವರಿಗೆ ಬರೆದು ಆಗಲೇ ವರ್ಷ ಕಳೆದಿತ್ತು. ಯಂತ್ರಗಳು ಹಳೆಯವು, ಅವುಗಳ ಭದ್ರತೆಯೂ ಹಳೆಯದು. ಪಾಸ್‌ವರ್ಡ್ ಇದ್ದರೂ ಒಳಗಿನ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲವನ್ನೂ ಓದಬಹುದಿತ್ತು. ಜನರಲ್ ಮ್ಯಾನೇಜರ್ ಪ್ರಭಾಕರ್ ಸಾರ್ ಒಳ್ಳೆಯ ಮನುಷ್ಯ, ಆದರೆ ಕೈಗೆ ಸಿಗದ ಅಪಾಯವನ್ನು ನಂಬದವರು. "ದನದ ಲೆಕ್ಕ ಯಾರ್ ಕದೀತಾರೆ ಗಿರಿಜಾ?" ಎಂದು ನಕ್ಕು ಬದಿಗಿಟ್ಟಿದ್ದರು.

ಕದ್ದರು. ಯಶವಂತಪುರದಲ್ಲಿ ನಮ್ಮ ಮಾರಾಟದವರೊಬ್ಬರು ಬಸ್ಸಿನಿಂದ ಇಳಿದು ನೋಡಿಕೊಂಡರೆ ಹೆಗಲಲ್ಲಿ ಚೀಲವಿಲ್ಲ. ಪೊಲೀಸರಿಗೆ ದೂರು ಕೊಟ್ಟರು, ನಾವು ಅವರಿಗೆ ಇನ್ನೊಂದು ಹಳೆಯ ಯಂತ್ರ ಕೊಟ್ಟೆವು. ಹೋದದ್ದು ಒಂದು ಡಬ್ಬಿ ಎಂದೇ ಎಲ್ಲರೂ ತಿಳಿದರು.

ಕೆಲವು ತಿಂಗಳಾದ ಮೇಲೆ ಒಬ್ಬ ಹೆಂಗಸು ಕಚೇರಿಗೆ ಬಂದರು. ಹೆಸರು ಮುನಿರತ್ನಮ್ಮ, ಹೆಸರಘಟ್ಟದ ಆಚೆಯ ಊರು. ಸೆರಗಿನ ತುದಿಯಲ್ಲಿ ಸುತ್ತಿಕೊಂಡು ತಂದಿದ್ದ ಖಾಲಿ ಲಸಿಕೆ ಬಾಟಲಿಯನ್ನು ಸ್ವಾಗತದ ಮೇಜಿನ ಮೇಲಿಟ್ಟು, "ಇದು ನಿಮ್ದಾ?" ಎಂದರು. ಲೇಬಲ್ ನಮ್ಮದರಂತೆಯೇ ಇತ್ತು, ನಮ್ಮದಲ್ಲ. ಸ್ವಾಗತದ ಹುಡುಗಿ ಗಾಬರಿಯಾಗಿ ಪ್ರಭಾಕರ್ ಸಾರ್ ಅವರನ್ನು ಕರೆದಳು, ಅವರು ನನ್ನನ್ನು ಕರೆದರು.

"ಫೋನ್ ಬಂತು ಸ್ವಾಮಿ" ಎಂದರು ಮುನಿರತ್ನಮ್ಮ. "ತಿಮ್ಮೇಗೌಡ ಡಾಕ್ಟ್ರು ಕಡೆಯೋರು ಅಂದ. ನನ್ ಎಸ್ರು ಏಳ್ದ. ನಮ್ ಅಸ ಯಾವ ತಿಂಗ್ಳಾಗೆ ಕರ ಆಕ್ತು ಅಂತ್ಲೂ ಏಳ್ದ. ಅಷ್ಟೆಲ್ಲಾ ಏಳಿದ್ ಮ್ಯಾಕೆ ನಂಬ್ದೆ ಇರಾಕಾಯ್ತದಾ? ಅವ್ನೇ ಬಂದು ಸೂಜಿ ಆಕ್ಬುಟ್ಟು ವೋದ. ಈಗ ಅಸ ಕಾಯ್ಲೆ ಬಿದ್ದದೆ. ಕರ ಸತ್ತೋಯ್ತು."

ಪ್ರಭಾಕರ್ ಸಾರ್ ಬಾಟಲಿಯನ್ನು ಎತ್ತಿ ಲೇಬಲ್ಲನ್ನು ಇನ್ನೊಮ್ಮೆ ನೋಡಿದರು.

ಆಕೆ ನನ್ನ ಕಡೆ ತಿರುಗಿದರು. "ಅದೆಲ್ಲಾ ನಾನು ನಿಮ್ ಡಾಕ್ಟ್ರುಗೆ ಮಾತ್ರ ಏಳಿದ್ದು ತಾಯಿ. ಅವ್ನಿಗೆ ಎಂಗೆ ಗೊತ್ತಾಯ್ತು?"

ಜಗಳಕ್ಕೆ ಬಂದ ಹೆಂಗಸಲ್ಲ ಆಕೆ. ನಿಜವಾಗಿಯೂ ತಿಳಿದುಕೊಳ್ಳಲು ಬಂದಿದ್ದರು. ಯಶವಂತಪುರದಲ್ಲಿ ಕಳೆದುಹೋದ ಚೀಲ ಪ್ರಭಾಕರ್ ಸಾರ್ ಮನಸ್ಸಿಗೂ ನನ್ನ ಮನಸ್ಸಿಗೂ ಒಟ್ಟಿಗೇ ಬಂತು. ಪ್ರಭಾಕರ್ ಸಾರ್ ತಾವೇ ಕುರ್ಚಿ ಎಳೆದು ಆಕೆಯನ್ನು ಕೂರಿಸಿದರು. "ತಪ್ಪು ನಮ್ದೇ ಕಣಮ್ಮ. ನಮ್ಮ ಕೈಯಿಂದ ಕಳುವಾಗಿದೆ" ಎಂದರು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಹೀಗೆ ನೇರವಾಗಿ ಒಪ್ಪಿಕೊಂಡದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ತಿಮ್ಮೇಗೌಡರನ್ನು ಆ ಮಧ್ಯಾಹ್ನವೇ ಆಕೆಯ ಜೊತೆ ಕಳಿಸಿದರು. ಹಸು ಉಳಿಯಿತು. ಗೌಡರು ಆ ಊರಿನ ಪ್ರತಿ ಮನೆಗೂ ಹೋಗಿ, ತಮ್ಮ ಹೆಸರಲ್ಲಿ ಯಾರು ಬಂದರೂ ಸೂಜಿ ಹಾಕಿಸಬೇಡಿ ಎಂದು ಹೇಳಿ ಬಂದರು. ಮರುದಿನ ಕಚೇರಿಗೆ ಬಂದಾಗ ಅವರ ಮುಖ ಕಪ್ಪಿಟ್ಟಿತ್ತು. "ನನ್ನ ಹೆಸರು ಹೇಳ್ಕೊಂಡು ಕರು ಸಾಯಿಸಿದಾರೆ ಮೇಡಂ" ಎಂದಷ್ಟೇ ಹೇಳಿ ಹೊರಟುಹೋದರು.

ಪ್ರಭಾಕರ್ ಸಾರ್ ನನ್ನನ್ನು ಕೋಣೆಗೆ ಕರೆದು, "ಹೋದ ವರ್ಷ ಏನೋ ಬರ್ದು ಕೊಟ್ಟಿದ್ರಲ್ಲ, ಹೊಸ ಕಂಪ್ಯೂಟರ್ ಬಗ್ಗೆ. ತಗೊಂಡ್ ಬನ್ನಿ" ಎಂದರು. ಭದ್ರತೆ ಎಂದರೆ ಏನು ಎಂದು ನನ್ನ ತಂಗಿಯ ಮಗಳು ಕೇಳಿದರೆ ನಾನು ಮುನಿರತ್ನಮ್ಮನ ಪ್ರಶ್ನೆಯನ್ನೇ ಹೇಳುತ್ತೇನೆ. ಅವನಿಗೆ ಹೇಗೆ ಗೊತ್ತಾಯಿತು? ಆ ಪ್ರಶ್ನೆಯನ್ನು ಯಾರೂ ಕೇಳದಂತೆ ನೋಡಿಕೊಳ್ಳುವುದೇ ಈ ಕೆಲಸ.

ಹೊಸ ಯಂತ್ರಗಳು ಬಂದವು. ಅವುಗಳ ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿ ಇರುತ್ತಿತ್ತು. ಕದ್ದವನಿಗೆ ಸಿಗುವುದು ಪ್ಲಾಸ್ಟಿಕ್ ಮಾತ್ರ. ಜೊತೆಗೆ ವಿಪಿಎನ್ ಎಂಬ ದಾರಿ ಮಾಡಿದೆವು. ಹೊರಗಿದ್ದವರು ಮೊಬೈಲ್ ಇಂಟರ್ನೆಟ್ಟಿನ ಡೇಟಾ ಕಾರ್ಡ್ ಸಿಕ್ಕಿಸಿ, ಬೇರೆ ಯಾರ ಕಣ್ಣಿಗೂ ಬೀಳದೆ, ಹೆಬ್ಬಾಳದ ಸರ್ವರಿಗೆ ನೇರವಾಗಿ ಬರಬಹುದಿತ್ತು. ಒಳಗೆ ಬರಲು ಪಾಸ್‌ವರ್ಡ್ ಒಂದೇ ಸಾಲದು. ಕೀಚೈನಿನಂಥ ಒಂದು ಪುಟ್ಟ ಟೋಕನ್ ಕೊಟ್ಟಿದ್ದೆವು. ಅದರಲ್ಲಿ ಆಗಾಗ ಬದಲಾಗುವ ಅಂಕಿಯನ್ನೂ ಒತ್ತಬೇಕು.

ಯಂತ್ರ ಬದಲಾಯಿಸುವುದು ಸುಲಭ, ಜನರ ಕೈಯಿಂದ ಹಳೆಯದನ್ನು ಬಿಡಿಸುವುದು ಕಷ್ಟ. ತಿಮ್ಮೇಗೌಡರು ಹೊಸದನ್ನು ಮುಟ್ಟಿಯೂ ನೋಡಲಿಲ್ಲ.

"ಹೊಸದು ಬೇಕು ಅಂತ ಅಷ್ಟು ಕೂಗ್ತಿದ್ರಿ, ಈಗೇನಾಯ್ತು?" ಎಂದೆ.

"ಇದು ಪಳಗಿದೆ ಕಣ್ರೀ. ಆ ಹೊಸದು ಒದೆಯುತ್ತೆ."

ನಯಾಜ್ ಜಾಣ. ಹಳೆಯದರಲ್ಲಿದ್ದ ಅವರ ಮೊಮ್ಮಗಳ ಚಿತ್ರವನ್ನು ಹೊಸದರ ಪರದೆಯ ಮೇಲೆ ಹಾಕಿ, ಐಕಾನುಗಳನ್ನು ಹಳೆಯದರಲ್ಲಿ ಇದ್ದ ಜಾಗದಲ್ಲೇ ಒಂದೊಂದಾಗಿ ಜೋಡಿಸಿ ಅವರ ಮುಂದಿಟ್ಟ. ಗೌಡರು ನೋಡಿ, ಅದನ್ನು ಚೀಲಕ್ಕೆ ಹಾಕಿಕೊಂಡರು. ಅಂದಿನಿಂದ ಪ್ರತಿಯೊಬ್ಬರ ಯಂತ್ರಕ್ಕೂ ಹಾಗೇ ಮಾಡಿದೆವು. ಅದಕ್ಕೆ ಹೆಚ್ಚು ಸಮಯ ಹಿಡಿಯಿತು, ಜಗಳ ಕಡಿಮೆಯಾಯಿತು.

ಪ್ರಭಾಕರ್ ಸಾರ್ ಅವರದು ಬೇರೆ ಕಥೆ. ಟೋಕನ್ ಕೊಡಲು ಹೋದರೆ, "ನಂಗ್ಯಾಕ್ರೀ ಇದು? ನಾನೇ ಸಹಿ ಹಾಕಿದ ನಿಯಮ ನಂಗೂ ಇದೆಯಾ?" ಎಂದರು.

"ನಿಮ್ಮ ಸಹಿ ಇದೆ ಸಾರ್. ಅದಕ್ಕೇ ಎಲ್ಲರೂ ಮೊದಲು ನಿಮ್ಮನ್ನೇ ನೋಡ್ತಾರೆ."

ಅವರು ಟೋಕನನ್ನು ತಿರುಗಿಸಿ ಮುರುಗಿಸಿ ನೋಡಿ ಮನೆಯ ಬೀಗದ ಕೈಗಳ ಜೊತೆ ಪೋಣಿಸಿಕೊಂಡರು. ಒಂದು ಸಲ ಮದುವೆ ಛತ್ರದಿಂದ ಫೋನ್ ಮಾಡಿ, "ಗಿರಿಜಾ, ನಾನು ಊಟದ ಪಂಕ್ತೀಲಿ ಕೂತು ಮೇಲ್ ನೋಡ್ದೆ! ನಮ್ಮ ಬೀಗರೆಲ್ಲ ದಂಗಾಗಿಬಿಟ್ರು" ಎಂದು ಹುಡುಗನ ಹಾಗೆ ಸಂಭ್ರಮಪಟ್ಟರು.

ಎಡವಟ್ಟುಗಳೂ ಆದವು. ಗೂಢಲಿಪಿಯ ಕೆಲಸಕ್ಕೆಂದು ಕಂಪನಿ ಹೊರಗಿನಿಂದ ತಜ್ಞರನ್ನು ಕರೆಸಿತ್ತು. ಅವರು ಒಂದು ಭಾನುವಾರ ಎಲ್ಲ ಲ್ಯಾಪ್‌ಟಾಪುಗಳಿಗೆ ದೂರದಿಂದಲೇ ಒಂದು ತಿದ್ದುಪಡಿ ಕಳಿಸಿದರು. ಭಾನುವಾರ ನಮ್ಮವರ ಯಂತ್ರಗಳೆಲ್ಲ ಚೀಲದಲ್ಲಿ ಮಲಗಿರುತ್ತವೆ ಎಂಬುದು ಅವರಿಗೆ ಹೊಳೆಯಲಿಲ್ಲ. ಸೋಮವಾರ ಬೆಳಿಗ್ಗೆ ಒಬ್ಬೊಬ್ಬರೇ ಹಳ್ಳಿಗಳಲ್ಲಿ ಯಂತ್ರ ತೆರೆದಂತೆ ತಿದ್ದುಪಡಿ ಇಳಿಯಿತು, ಯಂತ್ರ ತಾನಾಗಿ ಮುಚ್ಚಿ ತೆರೆಯಿತು, ಆಮೇಲೆ ಪರದೆಯ ತುಂಬ ನೀಲಿ. ರೈಲಿನಷ್ಟು ಉದ್ದದ ಒಂದು ಸಂಖ್ಯೆ ಕೊಟ್ಟರೆ ಮಾತ್ರ ಒಳಗೆ ಬಿಡುತ್ತೇನೆ ಎಂದು ಹಟ. ಆ ಸಂಖ್ಯೆಗಳು ಇದ್ದದ್ದು ನಮ್ಮ ಕೋಣೆಯಲ್ಲಿ. ಬೆಳಗಿನಿಂದ ಫೋನು ಕೆಳಗಿಡಲಿಲ್ಲ.

ಅಂದು ರಾಜಾನುಕುಂಟೆ ಕಡೆಯಿಂದ ನಮ್ಮ ಮಾರಾಟದವನೊಬ್ಬ ಫೋನ್ ಮಾಡಿದ. ದಾರಿಯಲ್ಲಿ ಯಂತ್ರ ತೆರೆದಾಗಲೇ ತಿದ್ದುಪಡಿ ಇಳಿದಿತ್ತು. ಅವನಿದ್ದ ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೇಲೆ ಮಾತ್ರ, ಲ್ಯಾಪ್‌ಟಾಪ್ ಇದ್ದದ್ದು ಕೆಳಗಿನ ಕೊಟ್ಟಿಗೆಯಲ್ಲಿ, ಕರೆಂಟಿನ ತಂತಿಗೆ ಸಿಕ್ಕಿಸಿ. ನಯಾಜ್ ಅಂಕಿ ಹೇಳುತ್ತಿದ್ದ, ಅವನು ಟ್ಯಾಂಕಿನ ಮೇಲಿಂದ ಕೂಗುತ್ತಿದ್ದ, ಕೊಟ್ಟಿಗೆಯಲ್ಲಿ ಆ ಮನೆಯ ಸೊಸೆ ಒತ್ತುತ್ತಿದ್ದಳು.

"ಏಳು!" ಎಂದು ಇವನು ಕೂಗಿದ.

"ಏನಣ್ಣಾ ಏಳ್ಲಿ?" ಎಂದು ಕೆಳಗಿನಿಂದ ಆಕೆ.

"ನೀನೇನೂ ಹೇಳ್ಬೇಡಮ್ಮ! ಏಳು! ಏಳು!"

ಆಕೆಯ ಮಾವ ಜಗಲಿಯಲ್ಲಿ ಅಡ್ಡಾಗಿದ್ದವರು, "ಎದ್ದೆ ಕಣಪ್ಪಾ, ಯಾಕಂಗ್ ಬಡ್ಕೋತೀಯ?" ಎಂದು ಎದ್ದು ಕೂತರಂತೆ. ಇದೆಲ್ಲ ನಮ್ಮ ಸ್ಪೀಕರ್ ಫೋನಿನಲ್ಲಿ ಕೇಳುತ್ತಿತ್ತು. ನಯಾಜ್ ಮೇಜಿನ ಮೇಲೆ ತಲೆಯಿಟ್ಟು ನಕ್ಕ, ಕಣ್ಣೀರು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ. ಅಂಕಿಗಳನ್ನು ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕು ಎಂಬ ನಿಯಮ ನಮ್ಮಲ್ಲಿ ಬಂದದ್ದು ಹೀಗೆ. ಇನ್ನೊಂದು ನಿಯಮವನ್ನೂ ಮಾಡಿಕೊಂಡೆವು. ಯಾವ ಬದಲಾವಣೆಯನ್ನೂ ಎಲ್ಲರಿಗೂ ಒಟ್ಟಿಗೆ ಕಳಿಸಬಾರದು. ಮೊದಲು ಕಚೇರಿಯಲ್ಲಿರುವ ನಾಲ್ಕಾರು ಜನ, ಆಮೇಲೆ ಹತ್ತಿರದ ಊರಿನವರು, ಕೊನೆಗೆ ದೂರದವರು. ಇದನ್ನು ನನ್ನ ತಂಗಿಯ ಮಗಳು ಇವತ್ತು ಏನೋ ಇಂಗ್ಲಿಷ್ ಹೆಸರಿನಿಂದ ಕರೆಯುತ್ತಾಳೆ. ನಾವು ಟ್ಯಾಂಕಿನ ನಿಯಮ ಎನ್ನುತ್ತಿದ್ದೆವು.

ಈಗ ಎಲ್ಲಕ್ಕಿಂತ ಕಷ್ಟದ ದಿನದ ಮಾತು.

ಒಂದು ವರ್ಷ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕಾಲುಬಾಯಿ ಜ್ವರ ಬಂತು. ಹಸುಗಳ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣು, ಮೇವು ಬಿಟ್ಟು ಜೊಲ್ಲು ಸುರಿಸುತ್ತ ನಿಲ್ಲುತ್ತವೆ. ಒಂದೂರಿಗೆ ಬಂದರೆ ಸುತ್ತಲಿನ ಊರುಗಳ ದನಗಳಿಗೆ ಕೂಡಲೇ ಲಸಿಕೆ ಹಾಕಬೇಕು. ಲಸಿಕೆ ತಣ್ಣಗಿರಬೇಕು, ಹೆಬ್ಬಾಳದ ಶೈತ್ಯಾಗಾರದಿಂದಲೇ ಹೋಗಬೇಕು. ಊರಿನಲ್ಲಿರುವ ವೈದ್ಯರು ತಮ್ಮ ಲ್ಯಾಪ್‌ಟಾಪಿನಿಂದ ಬೇಡಿಕೆ ಹಾಕಿದರೆ ಇಲ್ಲಿಂದ ಪೆಟ್ಟಿಗೆ ಹೊರಡುತ್ತಿತ್ತು. ಇಂಥ ದಿನಕ್ಕೆಂದೇ ನಾವು ಆ ದಾರಿ ಮಾಡಿದ್ದು.

ಬೆಳಿಗ್ಗೆ ನಮ್ಮ ಕೋಣೆಗೆ ಫೋನ್ ಬಂತು. ಗುರುತಿಲ್ಲದ ನಂಬರ್. ಗಾಳಿಯ ಸದ್ದು, ಹಿಂದೆ ಜನರ ಗಲಾಟೆ, ತುಂಡು ತುಂಡಾದ ದನಿ.

"ನಾನ್ ತಿಮ್ಮೇಗೌಡ... ಲಾಕ್ ಆಗೋಗಿದೆ... ಪಾಸ್‌ವರ್ಡ್ ಬದಲಾಯ್ಸಿ ಹೇಳಿ, ಬೇಗ... ನನ್ ಫೋನ್ ಚಾರ್ಜ್ ಇಲ್ಲ..."

ಅವರ ಮೊಬೈಲಿಗೆ ನಯಾಜ್ ಫೋನ್ ಮಾಡಿದ. ಸ್ವಿಚ್ ಆಫ್. ಫೋನಿನಲ್ಲಿ ಪಾಸ್‌ವರ್ಡ್ ಹೇಳುವ ಮೊದಲು ಅವರದೇ ನಂಬರಿಗೆ ತಿರುಗಿ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು ಎಂಬುದು ನಿಯಮ. ನಾನೇ ಮಾಡಿದ್ದ ನಿಯಮ.

ಸುದ್ದಿ ತಿಳಿದು ಪ್ರಭಾಕರ್ ಸಾರ್ ಮೆಟ್ಟಿಲಿಳಿದು ಬಂದರು. "ಕೊಟ್ಬಿಡಿ ಗಿರಿಜಾ. ದನ ಸಾಯ್ತಿವೆ. ಅವ್ರೇ ಇರ್ತಾರೆ."

ನನ್ನ ಮನಸ್ಸೂ ಅವರೇ ಎನ್ನುತ್ತಿತ್ತು. ಆದರೆ ಗೌಡರ ಹೆಸರು ಹೇಳಿಕೊಂಡು ಈ ಮೊದಲೇ ಒಬ್ಬ ಕೊಟ್ಟಿಗೆಗಳಿಗೆ ನುಗ್ಗಿದ್ದ. ಅವರ ಖಾತೆಯೊಳಗೆ ಬಂದವನಿಗೆ ಸುತ್ತಲಿನ ಎಲ್ಲ ರೈತರ ಮನೆ, ಫೋನು, ದನ ಸಿಗುತ್ತವೆ. ರೋಗದ ದಿನಗಳಲ್ಲಿ ಜನ ಯಾರು ಸೂಜಿ ಹಿಡಿದು ಬಂದರೂ ಬಾಗಿಲು ತೆಗೆಯುತ್ತಾರೆ. ಟೋಕನ್ ಇಲ್ಲದೆ ಪಾಸ್‌ವರ್ಡ್ ಒಂದರಿಂದ ಒಳಗೆ ಬರಲಾಗದು, ನಿಜ. ಆದರೆ ಆ ಟೋಕನ್ ಇರುವುದು ಲ್ಯಾಪ್‌ಟಾಪ್ ಇರುವ ಚೀಲದಲ್ಲೇ. ಚೀಲ ಯಾರ ಕೈಯಲ್ಲಿದೆಯೋ ನನಗೆ ಕಾಣುತ್ತಿರಲಿಲ್ಲ.

"ಪಾಸ್‌ವರ್ಡ್ ಫೋನಲ್ಲಿ ಕೊಡಕ್ಕಾಗಲ್ಲ" ಎಂದೆ, ಫೋನಿಗೆ.

ಆ ಕಡೆಯಿಂದ ಒಂದು ಬೈಗುಳ ಅರ್ಧ ಕೇಳಿಸಿತು, ಸಂಪರ್ಕ ಕಡಿಯಿತು.

ಪ್ರಭಾಕರ್ ಸಾರ್ ಮುಖ ಕೆಂಪಾಯಿತು. "ಏನ್ ಮಾಡ್ತಿದೀರಿ ಗೊತ್ತಾ?"

"ಗೊತ್ತು ಸಾರ್. ಲಸಿಕೆ ಹೊರಡಕ್ಕೆ ಪಾಸ್‌ವರ್ಡೇ ಬೇಕು ಅಂತಿಲ್ಲ. ನಿಮ್ಮ ಸಹಿ ಸಾಕು. ನೀವು ಬರ್ದು ಕೊಡಿ, ಈಗ್ಲೇ ವ್ಯಾನ್ ಹೊರಡ್ಲಿ. ನಯಾಜ್ ಜೊತೇಲಿ ಹೋಗ್ಲಿ. ಅಲ್ಲಿ ಗೌಡ್ರು ಸಿಕ್ಕಿದ್ರೆ ಅವ್ರ ಕಣ್ಣೆದುರೇ ಲಾಕ್ ತೆಗೀತಾನೆ. ಬೇರೆ ಯಾರಾದ್ರೂ ಇದ್ರೆ ಪೆಟ್ಟಿಗೆ ವಾಪಸ್ ತರ್ತಾನೆ."

ಅವರು ನನ್ನ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ನಿಂತಲ್ಲೇ ಬರೆದು ಸಹಿ ಹಾಕಿದರು. ಮಂಜುಗಡ್ಡೆಯ ಪೆಟ್ಟಿಗೆಗಳನ್ನು ತುಂಬಿಕೊಂಡು ವ್ಯಾನು, ಗೌಡರು ಅಂದು ಹೋಗಬೇಕಿದ್ದ ಊರಿಗೆ, ಯಲಹಂಕದ ಮೇಲೆ ಹೊರಟಿತು. ನಯಾಜ್ ಬೆಳಗಿನ ತಿಂಡಿಯನ್ನೂ ತಿಂದಿರಲಿಲ್ಲ.

ಅವನ ಫೋನ್ ಬರುವವರೆಗೆ ನಾನು ಕೂತ ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಬಂತು. "ಅವ್ರೇ ಮೇಡಂ. ಗೌಡ್ರೇ. ಲಾಕ್ ತೆಗ್ದೆ. ಆದ್ರೆ ತುಂಬ ಬೇಜಾರಾಗಿದಾರೆ."

ಗೌಡರು ಸಂಜೆಯವರೆಗೆ ಅಲ್ಲಿದ್ದು ಅಕ್ಕಪಕ್ಕದ ಊರುಗಳಿಗೆ ಅಲ್ಲಿಂದಲೇ ಬೇಡಿಕೆ ಹಾಕಿದರು, ಪೆಟ್ಟಿಗೆಗಳು ಒಂದರ ಹಿಂದೊಂದು ಹೋದವು. ಆ ಭಾಗದ ಬಹುಪಾಲು ದನಗಳು ಉಳಿದವು. ಮಾರನೆಯ ದಿನ ಅವರು ನಮ್ಮ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

"ಇಷ್ಟು ವರ್ಷ ಜೊತೇಲಿ ಕೆಲಸ ಮಾಡಿದೀವಿ. ನನ್ ದನಿ ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಾಯ್ತು ಗೌಡ್ರೇ. ಆದ್ರೂ ಕೊಡಕ್ಕಾಗ್ಲಿಲ್ಲ."

"ಹಂಗಾದ್ರೆ ಕಳ್ಳನೂ ಒಂದೇ, ನಾನೂ ಒಂದೇ" ಎಂದು ಹೊರಟುಹೋದರು.

ಬಹಳ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ರಿಪೇರಿಗೆಂದು ಕಚೇರಿಗೆ ಬಂದರೆ ಲ್ಯಾಪ್‌ಟಾಪನ್ನು ನಯಾಜ್ ಕೈಗೆ ಕೊಟ್ಟು ಹೊರಗೇ ನಿಲ್ಲುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಸಂಕಟ ಕಡಿಮೆಯಾಗುವುದಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ಕೆಟ್ಟವರಿಗೆ ಬಾಗಿಲು ಹಾಕುವುದು ಸುಲಭ. ಒಳ್ಳೆಯವರು ಬಂದು ಬಾಗಿಲು ಬಡಿದಾಗ, ಸ್ವಲ್ಪ ತಾಳಿ, ನೋಡಿ ತೆಗೆಯುತ್ತೇನೆ ಎನ್ನುವುದು ಕಷ್ಟ.

ಅವರ ಮುನಿಸು ಹೇಗೆ ಕರಗಿತು ಎಂದು ನನಗೆ ತಿಳಿದದ್ದು ಹೊಸ ವೈದ್ಯರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ. ನಾನು ಹಿಂದೆ ಕೂತಿದ್ದೆ. ಗೌಡರು ದನಗಳ ರೋಗದ ಬಗ್ಗೆ ಹೇಳಿ ಮುಗಿಸಿ, ಇದ್ದಕ್ಕಿದ್ದಂತೆ ನನ್ನತ್ತ ಕೈ ತೋರಿದರು. "ಅಲ್ಲಿ ಕೂತಿದಾರಲ್ಲ, ಆ ಮೇಡಂ ಒಂದ್ಸಲ ನಂಗೇ ಪಾಸ್‌ವರ್ಡ್ ಕೊಡ್ಲಿಲ್ಲ. ಬೈದೆ, ಮಾತು ಬಿಟ್ಟೆ. ಆಮೇಲೆ ಒಂದಿನ ಕೊಟ್ಟಿಗೇಲಿ ನಿಂತಾಗ ಯೋಚ್ನೆ ಬಂತು. ನಾನೇ ಕೇಳಿದ್ರೂ ಕೊಡದೋರು ಇನ್ಯಾರಿಗೆ ಕೊಡ್ತಾರೆ? ನೀವು ರೈತರ ಮನೇಗೆ ಹೋದಾಗ ಅವ್ರು ಎಲ್ಲಾ ಹೇಳ್ತಾರೆ. ಧೈರ್ಯವಾಗಿ ಬರ್ಕೊಳ್ಳಿ. ಕಾಯೋರು ಇದಾರೆ." ಎಲ್ಲರೂ ತಿರುಗಿ ನೋಡಿದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಚಹಾ ಸಮಯದಲ್ಲಿ ಅವರೇ ಲೋಟ ತಂದುಕೊಟ್ಟು, "ಸಕ್ಕರೆ ಕಡಿಮೆ ಹಾಕ್ಸಿದೀನಿ" ಎಂದರು.

ಮುಂದೆ ಟೋಕನ್ ಹೋಗಿ ಮೊಬೈಲಿಗೇ ಅಂಕಿ ಬರುವ ಕಾಲ ಬಂತು. ಡೇಟಾ ಕಾರ್ಡುಗಳು ಹೋದವು. ಲ್ಯಾಪ್‌ಟಾಪಿನ ಜಾಗಕ್ಕೆ ಕೆಲವರಿಗೆ ಟ್ಯಾಬ್ಲೆಟ್ ಬಂತು. ಪ್ರಭಾಕರ್ ಸಾರ್ ಹೊಸ ಪದಗಳನ್ನೆಲ್ಲ ಕಲಿತು ಸಭೆಗಳಲ್ಲಿ ನನಗಿಂತ ಹೆಚ್ಚು ಬಳಸತೊಡಗಿದರು.

ಆ ದಿನಗಳಲ್ಲೇ ನಯಾಜ್ ಒಂದು ಬೆಳಿಗ್ಗೆ ನನ್ನ ಮುಂದೆ ರಾಜೀನಾಮೆ ಇಟ್ಟ. ಅವನ ತಾಯಿ ಸ್ನಾನದ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಹೆಂಡತಿ ಶಾಲೆಯಲ್ಲಿ ಟೀಚರ್. "ಅಮ್ಮೀನ ಒಬ್ರನ್ನೇ ಬಿಟ್ಟು ಬರಕ್ಕಾಗಲ್ಲ ಮೇಡಂ" ಎಂದ.

ನಾನು ಪ್ರಭಾಕರ್ ಸಾರ್ ಹತ್ತಿರ ಹೋದೆ. ಮನೆಯಿಂದಲೇ ಕೆಲಸ ಮಾಡಲಿ ಎಂದೆ. ಅವರಿಗೆ ಅದು ವಿಚಿತ್ರವಾಗಿ ಕಂಡಿತು. "ಸಿಸ್ಟಮ್ ನೋಡೋ ಮನುಷ್ಯ ಸಿಸ್ಟಮ್ ಹತ್ರ ಇರ್ಬೇಡ್ವಾ?"

"ಗೌಡ್ರು ಕೊಟ್ಟಿಗೆಯಿಂದ ಒಳಗೆ ಬರ್ತಾರೆ. ನಯಾಜ್ ಆರ್.ಟಿ. ನಗರದಿಂದ ಬರಕ್ಕಾಗಲ್ವಾ ಸಾರ್?"

"ಆ ರಾಜೀನಾಮೆ ಕಾಗದ ಹರಿದು ಹಾಕಿ" ಎಂದರು ಅವರು.

ಹಾಗೆ ನಮ್ಮ ಕೋಣೆಯ ಫೋನು ನಯಾಜನ ಮನೆಗೆ ತಿರುಗಿತು. ಹಳ್ಳಿಗಳಿಂದ ಫೋನ್ ಮಾಡುವವರಿಗೆ ಅವನ ಮಾತಿನ ನಡುವೆ ಒಂದು ಮುದಿ ದನಿಯೂ ಕೇಳಿಸತೊಡಗಿತು. ಅಮ್ಮಿ ಪಕ್ಕದ ಮಂಚದಲ್ಲಿ ಇರುತ್ತಿದ್ದರು. ಒಮ್ಮೆ ಯಾರೋ ಹೊಸಬ ಮತ್ತೆ ಮತ್ತೆ ಅದೇ ತಪ್ಪು ಮಾಡಿ ನಯಾಜ್ ದನಿ ಏರಿಸಿದಾಗ, "ಗುಸ್ಸಾ ನಕ್ಕೋ ಕರೋ ಬೇಟಾ" ಎಂದರು, ಕೋಪ ಮಾಡ್ಕೋಬೇಡ ಮಗನೇ ಎಂದು. ಆ ಹೊಸಬ ಅದನ್ನು ಎಲ್ಲರಿಗೂ ಹೇಳಿದ. ಆಮೇಲೆ ನಮ್ಮವರು ತಮ್ಮ ತೊಂದರೆ ಹೇಳುವ ಮೊದಲು "ಅಮ್ಮಿ ಹೆಂಗಿದಾರೆ?" ಎಂದು ಕೇಳುವುದು ಅಭ್ಯಾಸವಾಯಿತು. ತಿಮ್ಮೇಗೌಡರಂತೂ ಸುಮ್ಮನೆ ಫೋನ್ ಮಾಡಿ, ಮೂಳೆ ಕೂಡಲು ಹಾಲು ಕುಡಿಸಿ, ಯಾವ ಹಸುವಿನದು ಎಂದು ನಾನು ಹೇಳುತ್ತೇನೆ ಎನ್ನುತ್ತಿದ್ದರು. ನಾನು ನೋಡಲು ಹೋದಾಗ ಅಮ್ಮಿ ನನ್ನ ಕೈ ಹಿಡಿದು ಅರೆಬರೆ ಕನ್ನಡದಲ್ಲಿ, "ನಿಮ್ದು ಆಫೀಸ್ ನಮ್ದು ಮನೇಗೆ ಬಂತು. ಇಡೀ ದಿನ ಮಗ ಕಣ್ಣು ಮುಂದೆ" ಎಂದರು.

ಅಮ್ಮಿ ತೀರಿಕೊಂಡದ್ದು ಒಂದು ಬೆಳಗಿನ ಜಾವ. ನಾನು ಹೋಗುವ ಹೊತ್ತಿಗೆ ಆರ್.ಟಿ. ನಗರದ ಆ ಗಲ್ಲಿಯಲ್ಲಿ ನೆಂಟರು, ನೆರೆಯವರು ಸೇರಿದ್ದರು. ನಾನು ಒಳಗೆ ಹೆಂಗಸರ ಜೊತೆ ಕೂತೆ. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬೈಕುಗಳ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದೆ. ದೊಡ್ಡಬಳ್ಳಾಪುರದಿಂದ, ದೇವನಹಳ್ಳಿಯಿಂದ, ಹೆಸರಘಟ್ಟದಿಂದ ನಮ್ಮವರು ಬಂದಿದ್ದರು. ಬೈಕಿನ ಹಿಂದೆ ಲಸಿಕೆ ಪೆಟ್ಟಿಗೆಗಳು, ಪ್ಯಾಂಟಿನ ಅಂಚಿಗೆ ಮಣ್ಣು. ಗೌಡರು ಗಮ್‌ಬೂಟನ್ನು ಗೇಟಿನ ಹೊರಗೆ ಬಿಚ್ಚಿಟ್ಟು ಬರಿಗಾಲಲ್ಲಿ ನಿಂತಿದ್ದರು.

ನಯಾಜನ ಸೋದರಮಾವ, ಬಿಳಿ ಗಡ್ಡದ ಹಿರಿಯರು, ಅವರ ಬಳಿ ಹೋಗಿ, "ನಮ್ಮ ಅಕ್ಕ ನಿಮಗೆ ಹೇಗೆ ಪರಿಚಯ ಸಾಹೇಬ್ರೇ?" ಎಂದು ಕೇಳಿದರು.

"ಮುಖ ನೋಡಿಲ್ಲ ಸ್ವಾಮಿ" ಎಂದರು ಗೌಡರು. "ದಿನಾ ಮಾತು ಕೇಳ್ತಿದ್ವಿ."

ಹಿರಿಯರು ಅವರೆಲ್ಲರನ್ನೂ ಒಮ್ಮೆ ನೋಡಿದರು. ಗೌಡರ ಕೈ ಹಿಡಿದು ಮುಂದೆ ಕರೆತಂದು ನಯಾಜನ ಪಕ್ಕದಲ್ಲಿ ನಿಲ್ಲಿಸಿದರು. ಶವವನ್ನು ಎತ್ತಿದಾಗ ಒಂದು ಕಡೆ ನಯಾಜ್ ಹೆಗಲು ಕೊಟ್ಟ, ಇನ್ನೊಂದು ಕಡೆ ಗೌಡರು. ಗೌಡರು ಎತ್ತರದವರು. ನಯಾಜನ ಹೆಗಲಿಗೆ ಸರಿಯಾಗಲೆಂದು ಮೊಣಕಾಲು ತುಸು ಬಗ್ಗಿಸಿಕೊಂಡೇ ಗಲ್ಲಿಯ ಕೊನೆಯವರೆಗೂ ನಡೆದರು.